ಕಾತಕ್ಕನ ಬಾಗಿಲ ಕಲ್ಲು

ಲಾಳಿ ಬೀದಿಯನ್ನು ಕೆಡವಿದ ಮೇಲೆ ಅದನ್ನು ಒಂಬತ್ತನೇ ಮಹಡಿಯಲ್ಲಿ ಮತ್ತೆ ಕಟ್ಟಿದರು.

ತಮಾಷೆಗೆ ಹೇಳುತ್ತಿಲ್ಲ. ಬೆಂಗಳೂರಿನ ಹಳೇ ಪೇಟೆಯೊಳಗೆ ಮಗ್ಗದವರು, ಬಣ್ಣ ಹಾಕುವವರು, ಸೀರೆಗೆ ಪಾಲಿಶ್ ಮಾಡುವವರು ಇದ್ದ ಇಕ್ಕಟ್ಟಿನ ಬೀದಿ ಅದು. ಎದುರುಬದುರು ಜಗಲಿಯಲ್ಲಿ ಕೂತವರು ಕಾಲು ಚಾಚಿದರೆ ಜಗಳಕ್ಕೆ ಕಾರಣವಾಗುತ್ತಿತ್ತು. ಅದೇ ಜಾಗದಲ್ಲಿ ಈಗ ಚಾವಡಿ ಹೈಟ್ಸ್ ಎಂಬ ಗಾಜಿನ ಕಟ್ಟಡ ನಿಂತಿದೆ. ಹಳೇ ಪೇಟೆಯಲ್ಲಿ ಎಷ್ಟು ಎತ್ತರ ಬೇಕಾದರೂ ಕಟ್ಟಿಕೊಳ್ಳಿ, ಆದರೆ ಬೀದಿಯ ಜೀವ ಉಳಿಸಿ ಎಂದು ನಗರದ ಹೊಸ ಕಾನೂನು ಹೇಳಿತ್ತು. ಬೀದಿಗೆ ಜೀವ ಇದೆಯೋ ಇಲ್ಲವೋ ಎಂದು ನಾಡಿ ಹಿಡಿದು ನೋಡುವವರು ಯಾರು? ಅದಕ್ಕೊಂದು ಯಂತ್ರ ಬಂತು. ಅದು ದಿನವೂ ಒಂದು ಅಂಕ ಕೊಡುತ್ತದೆ. ಅಂಕ ಏರಿದರೆ ಮೇಲಿನ ಮಹಡಿಗಳ ಬಾಡಿಗೆ ಏರುತ್ತದೆ, ಇಳಿದರೆ ಕಟ್ಟಡದವರು ದಂಡ ತೆರಬೇಕು.

ಹಾಗಾಗಿ ಲಾಳಿ ಬೀದಿಯ ಒಂಬತ್ತು ಸಂಸಾರಗಳನ್ನು ಕರೆದು, ಅವರು ಕನಸಿನಲ್ಲೂ ಕಾಣದಂಥ ಮನೆಗಳನ್ನು ಅಗ್ಗದ ಬಾಡಿಗೆಗೆ ಕೊಟ್ಟರು. ಅಮೃತಶಿಲೆಯ ನೆಲ, ಮುಟ್ಟಿದರೆ ಬಿಸಿನೀರು, ಕಿಟಕಿಯಿಂದ ಕಣ್ಣು ಹಾಯುವಷ್ಟು ದೂರ ಊರು. ಬಾಗಿಲಾಚೆಯ ಓಣಿಯನ್ನು ಬೀದಿಯಂತೆ ಅಗಲ ಮಾಡಿ, ಎರಡೂ ಬದಿಗೆ ಜಗಲಿ ಕಟ್ಟಿ, ಹಳೇ ಕಾಲದ ದೀಪದ ಕಂಬ ನೆಟ್ಟಿದ್ದರು. ಮೇಲಿನ ಮಹಡಿಗಳಲ್ಲಿ ದೊಡ್ಡ ಬಾಡಿಗೆ ತೆರುವವರು ಸಂಜೆ ಹೊತ್ತು ಕಾಫಿ ಲೋಟ ಹಿಡಿದು ಅಲ್ಲಿಗೆ ವಾಕಿಂಗ್ ಬರುತ್ತಿದ್ದರು. ಒಂಬತ್ತು ಮನೆಯವರ ಬಾಡಿಗೆ ಕರಾರಿನಲ್ಲಿ ಮುಖ್ಯವಾಗಿದ್ದದ್ದು ಒಂದೇ ಷರತ್ತು: ಎಂದಿನಂತೆ ಬದುಕತಕ್ಕದ್ದು.

“ಎಂದಿನಂತೆ ಅಂದ್ರೆ ನಲ್ಲಿ ಹತ್ರ ಬೈದಾಡೋದೂ ಸೇರಿತಾ?” ಎಂದು ಕರಾರಿಗೆ ಸಹಿ ಹಾಕುವಾಗ ಗಂಗರತ್ನ ಕೇಳಿದ್ದಳು. ಸೇರಿದೆ ಎಂದು ಆಫೀಸಿನವನು ಗಂಭೀರವಾಗಿಯೇ ಹೇಳಿದ.

ಗಂಗರತ್ನ ಸೀರೆಗೆ ಫಾಲ್ ಹಾಕುವವಳು. ಗಂಡ ಮುನಿರಾಜು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಎದುರು ಮನೆಯ ಕಾತ್ಯಾಯಿನಿ ಸೀರೆಯ ಸೆರಗಿಗೆ ಕುಚ್ಚು ಕಟ್ಟುವವಳು. ಮದುವೆಯಾಗದೆ ಒಬ್ಬಳೇ ಇದ್ದವಳು. ಗಂಗರತ್ನಳಿಗಿಂತ ಏಳೆಂಟು ವರ್ಷ ದೊಡ್ಡವಳಾದ್ದರಿಂದ ಕಾತಕ್ಕ. ಅಂಗಡಿಯಿಂದ ಬಂದ ಸೀರೆ ಮೊದಲು ಈ ಮನೆಗೆ, ಫಾಲ್ ಆದ ಮೇಲೆ ಆ ಮನೆಗೆ ಹೋಗುತ್ತಿತ್ತು. ಸೀರೆಯ ಜತೆಗೆ ಹುಳಿಯೋ ಪಲ್ಯವೋ ಹೋಗುತ್ತಿತ್ತು, ಬಟ್ಟಲು ತೊಳೆದು ವಾಪಸು ಬರುವಾಗ ಅದರಲ್ಲಿ ಏನಾದರೂ ಇದ್ದೇ ಇರುತ್ತಿತ್ತು.

ಕಾತಕ್ಕನಿಗೆ ಸಕ್ಕರೆ ಕಾಯಿಲೆ. ರಾತ್ರಿ ಸೂಜಿ ಚುಚ್ಚಿಕೊಂಡು, ಕೆಲಸದ ಭರದಲ್ಲಿ ಊಟ ಅಷ್ಟಕ್ಕಷ್ಟೇ ಆದರೆ ಬೆಳಗಿನ ಜಾವ ಸಕ್ಕರೆ ಪಾತಾಳಕ್ಕೆ ಇಳಿಯುತ್ತಿತ್ತು. ಹಳೇ ಬೀದಿಯಲ್ಲಿದ್ದಾಗ ಒಂದು ಬೆಳಗ್ಗೆ ಅವಳ ಬಾಗಿಲಲ್ಲಿ ರಂಗೋಲಿ ಇರಲಿಲ್ಲ. ನೀರು ಹಾಕಿದ ಗುರುತೂ ಇಲ್ಲ. ಗಂಗರತ್ನ ಪೊರಕೆ ಬಿಸಾಕಿ ಓಡಿದಳು. ಕಾತಕ್ಕ ಬಾಗಿಲ ಚೌಕಟ್ಟಿಗೆ ಒರಗಿ ಬೆವರಿ ತೊಪ್ಪೆಯಾಗಿ, ಯಾರೆಂದು ಗುರುತು ಸಿಗದೆ ನೋಡುತ್ತಿದ್ದಳು. ಸಕ್ಕರೆ ನೀರು ಕುಡಿಸಿದ ಮೇಲೆ ಕಣ್ಣಿಗೆ ಬೆಳಕು ಬಂತು. ಅಂದಿನಿಂದ ಅದು ಇಬ್ಬರ ನಡುವಿನ ಒಪ್ಪಂದವಾಯಿತು. ರಂಗೋಲಿ ಇದ್ದರೆ ಕಾತಕ್ಕ ಇದ್ದಾಳೆ, ಇಲ್ಲದಿದ್ದರೆ ಓಡಬೇಕು.

ದಿನಾ ಬೆಳಗ್ಗೆ ಒಂದು ಫೋನ್ ಮಾಡಬಾರದೇ ಎಂದು ಈ ಕಾಲದವರು ಕೇಳುತ್ತಾರೆ. ಮುನಿರಾಜುವೂ ಕೇಳಿದ್ದ.

“ಎದ್ದ ತಕ್ಷಣ ಫೋನ್ ಮಾಡಿ, ಬದುಕಿದ್ದೀಯಾ ಅಂತ ಕೇಳೋದಾ? ಅಪಶಕುನ,” ಎಂದಿದ್ದಳು ಕಾತಕ್ಕ. “ರಂಗೋಲಿ ನೋಡಿದ್ರೆ ಸಾಕು. ಅವಳು ಕೇಳಿದ ಹಾಗೂ ಆಗಲ್ಲ, ನಾನು ಹೇಳಿದ ಹಾಗೂ ಆಗಲ್ಲ.”

ತೋಳಿಗೆ ಅಂಟಿಸಿಕೊಂಡರೆ ಸಕ್ಕರೆ ಇಳಿದಾಗ ಕೂಗುವ ಪಟ್ಟಿಯೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಅದು ಬೀರುವಿನಲ್ಲಿ ರೇಷ್ಮೆ ದಾರದ ಉಂಡೆಗಳ ಕೆಳಗೆ ಬಿದ್ದಿತ್ತು.

ಹೊಸ ಮನೆಗೆ ಬಂದ ಮೇಲೆ ರಂಗೋಲಿಯ ರೀತಿ ಮಾತ್ರ ಬದಲಾಯಿತು. ಪುಡಿ ಹಾಕುವಂತಿಲ್ಲ, ಗಾಳಿಯ ಕೊಳವೆಗೆ ಧೂಳು ಹೋಗುತ್ತದೆ, ಇರುವೆ ಬರುತ್ತವೆ. ಅದರ ಬದಲು ಪ್ರತಿ ಬಾಗಿಲ ಮುಂದೆ ಕಪ್ಪನೆಯ ನುಣುಪು ಕಲ್ಲು ಕೂರಿಸಿದ್ದರು. ಬೆರಳಿಂದ ಎಳೆದರೆ ಅದರೊಳಗಿಂದ ಬೆಳ್ಳನೆಯ ಬೆಳಕಿನ ಗೆರೆ ಮೂಡುತ್ತಿತ್ತು. ರಾತ್ರಿಯಾದರೆ ತಾನಾಗಿ ಅಳಿಯುತ್ತಿತ್ತು. ಕಾತಕ್ಕ ಅದರ ಮೇಲೆ ಚುಕ್ಕಿಯಿಟ್ಟು, ಬಳ್ಳಿ ಸುತ್ತಿಸಿ, ಮೂಲೆಯಲ್ಲಿ ತನ್ನ ಎಂದಿನ ಗಿಳಿಯನ್ನು ಬರೆಯುತ್ತಿದ್ದಳು. ಅವಳು ಎಡಗೈಯವಳು. ಎಲ್ಲರ ಗಿಳಿ ಒಂದು ಕಡೆ ನೋಡಿದರೆ ಅವಳದು ಇನ್ನೊಂದು ಕಡೆ ನೋಡುತ್ತಿತ್ತು.

“ಇರುವೆಗೂ ಊಟ ಇಲ್ಲದ ರಂಗೋಲಿ,” ಎಂದು ಅವಳು ಗೊಣಗಿದಳು. “ಇದ್ರಿಂದ ಯಾವ ಪುಣ್ಯ ಬರುತ್ತೆ ಗಂಗೂ?”

“ಸೊಂಟ ನೋವು ಕಡಿಮೆ ಬರುತ್ತಲ್ಲ ಕಾತಕ್ಕ, ಅದೇ ಪುಣ್ಯ.”

ಅಂಕ ನೋಡುವ ಕೋಣೆ ನೆಲಮಾಳಿಗೆಯಲ್ಲಿತ್ತು. ಹಗಲಿನ ಪಾಳಿಯಲ್ಲಿ ಅಲ್ಲಿ ಕೂರುತ್ತಿದ್ದವನು ಇಂದುಧರ, ಗದಗಿನ ಕಡೆಯವನು. ಅವನ ಮುಂದೆ ಗೋಡೆಯಷ್ಟು ದೊಡ್ಡ ಪರದೆ, ಅದರ ನಡುವೆ ಅಂಕ. ಯಂತ್ರಕ್ಕೆ ಕಂಪನಿಯವರು ‘ಸಹವಾಸ’ ಎಂದು ಹೆಸರಿಟ್ಟಿದ್ದರು. ಮನೆಯೊಳಗೆ ಅದು ಇಣುಕುವಂತಿಲ್ಲ, ಹೊಸ್ತಿಲಿನಿಂದ ಆಚೆಗೆ ಮಾತ್ರ ಅದರ ಕಾರುಬಾರು. ಒಬ್ಬರು ಇನ್ನೊಬ್ಬರ ಬಾಗಿಲು ತಟ್ಟಿದರೆ ಅಂಕ ಏರುತ್ತಿತ್ತು. ಬಟ್ಟಲೊಂದು ಮನೆಯಿಂದ ಮನೆಗೆ ಹೋದರೆ ಏರುತ್ತಿತ್ತು. ಜಗಳವಾದರೂ ಏರುತ್ತಿತ್ತು, ಜೀವ ಎಂದರೆ ಪ್ರೀತಿಯೇ ಆಗಬೇಕೆಂದು ಕಾನೂನಿನಲ್ಲಿ ಬರೆದಿರಲಿಲ್ಲ.

ಅಂಕವನ್ನು ಅಳೆಯುವುದಷ್ಟೇ ಅಲ್ಲ, ಏರಿಸುವುದೂ ಸಹವಾಸದ ಕೆಲಸ. ಅದಕ್ಕೆಂದು ದೀಪ, ಲಿಫ್ಟು, ಗಾಳಿಯ ಕೊಳವೆ, ಕಸ ಗುಡಿಸುವ ಯಂತ್ರ, ಬಾಗಿಲ ಕಲ್ಲು ಎಲ್ಲವನ್ನೂ ಅದರ ಕೈಗೆ ಕೊಟ್ಟಿದ್ದರು. ಅದು ಲಿಫ್ಟನ್ನು ಮಹಡಿ ಮಹಡಿಗೂ ನಿಲ್ಲಿಸಿ ಜನರನ್ನು ಒಟ್ಟಿಗೆ ಹತ್ತಿಸುತ್ತಿತ್ತು, ಮಾತಾಡಿಕೊಳ್ಳಲಿ ಎಂದು. ಸಂಜೆ ಓಣಿಗೆ ಹುರಿದ ಕಾಫಿಬೀಜದ ವಾಸನೆ ಬಿಡುತ್ತಿತ್ತು. ಒಂದನ್ನು ಮಾಡಿ ನೋಡುತ್ತಿತ್ತು. ಅಂಕ ಏರಿದರೆ ಇನ್ನೊಮ್ಮೆ ಮಾಡುತ್ತಿತ್ತು, ಏರದಿದ್ದರೆ ಬಿಟ್ಟುಬಿಡುತ್ತಿತ್ತು. ಯಾಕೆ ಏರಿತು ಎಂದು ಅದು ಕೇಳುತ್ತಿರಲಿಲ್ಲ. ಅದು ಏನಾದರೂ ಮಾಡಿದಾಗ ಪರದೆಯ ಮೇಲೆ ಆ ಜಾಗದಲ್ಲಿ ಹಳದಿ ಚುಕ್ಕಿ ಮೂಡುತ್ತಿತ್ತು. ಇಂದುಧರ ಆ ಚುಕ್ಕಿಗಳನ್ನು ನೋಡುತ್ತಾ ಮಂಡಕ್ಕಿ ತಿನ್ನುತ್ತಿದ್ದ.

ಮಾಗಿಯಲ್ಲಿ ಮೂಲೆ ಮನೆಯ ಚೌಡಪ್ಪನವರು ತೀರಿಕೊಂಡರು. ತುಂಬು ವಯಸ್ಸು, ನಿದ್ದೆಯಲ್ಲೇ ಹೋದ ಜೀವ. ಬಾಗಿಲ ಮುಂದೆ ಬೆಂಕಿ ಹಾಕಲು ಹೊಗೆಯ ಗಂಟೆ ಬಿಡಲಿಲ್ಲ. ಸಾವಿನ ಗುರುತಿಗೆ ಉಳಿದದ್ದು ಖಾಲಿ ಕಲ್ಲು ಒಂದೇ. ಅದನ್ನು ಮೊದಲು ನೋಡಿದ್ದು ಕಾತಕ್ಕ. ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಒಂಬತ್ತು ಮನೆಯವರೂ ಸೇರಿದರು, ಹೆಂಗಸರು ಗೋಳಾಡಿದರು, ಗಂಡಸರು ಜಗಲಿಯ ಮೇಲೆ ಕೂತು ಚೌಡಪ್ಪನವರ ಸಿಟ್ಟು, ಜಿಪುಣತನ, ಒಳ್ಳೆಯತನ ಎಲ್ಲವನ್ನೂ ನೆನೆದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಎಂಟು ಮನೆಗಳಿಂದ ಸರದಿಯ ಮೇಲೆ ಊಟ ಹೋಯಿತು. ವೈಕುಂಠ ಸಮಾರಾಧನೆಯವರೆಗೂ ಓಣಿಯಲ್ಲಿ ಜನ ಕರಗಲಿಲ್ಲ.

ಕಟ್ಟಡ ಶುರುವಾದಾಗಿನಿಂದ ಅಷ್ಟು ಅಂಕ ಎಂದೂ ಬಂದಿರಲಿಲ್ಲ. ಕಂಪನಿಯ ಮೇಲಿನವರು ಇಂದುಧರನಿಗೆ ಅಭಿನಂದನೆ ಹೇಳಿ ಕಳಿಸಿದರು. ಸಾವಿಗೆ ಅಭಿನಂದನೆ ಬಂದದ್ದು ಅವನಿಗೆ ಕಸಿವಿಸಿಯಾಯಿತು, ಆದರೆ ನೌಕರಿ ನೌಕರಿಯೇ. ಸಹವಾಸಕ್ಕೆ ಕಸಿವಿಸಿ ಎಂಬುದಿಲ್ಲ. ಇಷ್ಟೆಲ್ಲ ಶುರುವಾಗುವ ಮುಂಚೆ ಓಣಿಯಲ್ಲಿ ಬದಲಾದದ್ದು ಏನು ಎಂದು ಅದು ಹುಡುಕಿತು. ಒಂದು ಕಲ್ಲು ಖಾಲಿಯಿತ್ತು, ಅಷ್ಟೇ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಶುಕ್ರವಾರ ಗಂಗರತ್ನ ಬಾಗಿಲು ತೆಗೆದರೆ ಕಾತಕ್ಕನ ಕಲ್ಲು ಖಾಲಿ. ಸಕ್ಕರೆ ಡಬ್ಬಿ ಹಿಡಿದು ಬರಿಗಾಲಲ್ಲಿ ಓಡಿ ಬಾಗಿಲು ಬಡಿದಳು. ಆ ಸದ್ದಿಗೆ ಬೇರೆ ಬಾಗಿಲುಗಳೂ ತೆರೆದವು. ಎಲ್ಲ ಬಂದು ನಿಂತಾಗ ಕಾತಕ್ಕ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದಳು.

“ಏನಾಯ್ತೇ?”

“ರಂಗೋಲಿ ಯಾಕೆ ಹಾಕಿಲ್ಲ ನೀನು?”

“ಹಾಕಿದ್ದೆ ಕಣೇ. ಗಿಳಿ ಸಮೇತ ಹಾಕೇ ಸ್ನಾನಕ್ಕೆ ಹೋದೆ.”

ಎಲ್ಲರೂ ಕಲ್ಲನ್ನು ನೋಡಿದರು, ಆಮೇಲೆ ಗಂಗರತ್ನಳ ಕೈಯ ಸಕ್ಕರೆ ಡಬ್ಬಿಯನ್ನು ನೋಡಿದರು, ನಕ್ಕರು. ಬಂದವರಿಗೆಲ್ಲ ಕಾತಕ್ಕ ಕಾಫಿ ಮಾಡಿಕೊಟ್ಟಳು. ಕಲ್ಲು ಕೆಟ್ಟಿದೆ ಎಂದು ದೂರು ಕೊಟ್ಟರು, ರಿಪೇರಿಯವನು ಬಂದು ಹೊಸ ಕಲ್ಲು ಕೂರಿಸಿ ಹೋದ. ಮುಂದಿನ ವಾರ ಚೌಡಪ್ಪನವರ ಸೊಸೆಯ ಕಲ್ಲು ಖಾಲಿಯಾಯಿತು. ಆಮೇಲೆ ಇನ್ನೊಬ್ಬರದು, ಮತ್ತೆ ಕಾತಕ್ಕನದು. ಪ್ರತಿ ಸಲವೂ ಜನ ಓಡಿ ಬಂದರು. ಆದರೆ ಒಂದೊಂದು ಸಲಕ್ಕೂ ಒಬ್ಬಿಬ್ಬರು ಕಡಿಮೆಯಾದರು. ಹುಲಿ ಬಂತು ಹುಲಿ ಎಂಬ ಕಥೆ ಎಲ್ಲರಿಗೂ ಗೊತ್ತಿತ್ತು. ಗಂಗರತ್ನ ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಓಡುತ್ತಿದ್ದಳು.

ಇಂದುಧರ ಅದನ್ನು ಕಣ್ಣಾರೆ ಕಂಡ. ಕಾತಕ್ಕ ಬಗ್ಗಿ ಎಡಗೈಯಿಂದ ಬಳ್ಳಿ ಎಳೆದಳು, ಗಿಳಿ ಬರೆದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಲ್ಲಿನ ಮೇಲೆ ಹಳದಿ ಚುಕ್ಕಿ ಮೂಡಿತು. ಗೆರೆಗಳು ಮೆಲ್ಲಗೆ ಮಾಸಿದವು, ಕೊನೆಗೆ ಗಿಳಿಯೂ ಹೋಯಿತು. ಎದುರು ಬಾಗಿಲು ತೆರೆದು ಗಂಗರತ್ನ ಓಡಿಬಂದಳು. ಅಂಕ ಏರಿತು. ಅವನು ಮಂಡಕ್ಕಿಯ ಪೊಟ್ಟಣ ಮುಚ್ಚಿಟ್ಟು ಮೇಲಧಿಕಾರಿಯ ಬಳಿಗೆ ಹೋದ.

ಮೇಲಧಿಕಾರಿ ಬೆಂಗಳೂರಿನ ಹೆಂಗಸು, ಒಳ್ಳೆಯವಳೇ, ಯಾರಿಗೂ ಗದರಿದವಳಲ್ಲ.

“ಮೇಡಂ, ಅದು ಸಾವಿನ ಗುರುತ್ರಿ. ಯಂತ್ರ ದಿನಾ ಸುಳ್ಳ ಸಾವು ತೋರಸಾಕತ್ತೇತಿ. ಕಲ್ಲು ಅದರ ಕೈಯಿಂದ ಬಿಡಸ್ರಿ,” ಎಂದ ಇಂದುಧರ.

“ಯಾರಿಗಾದ್ರೂ ತೊಂದ್ರೆ ಆಗಿದ್ಯಾ? ನಾಲ್ಕು ಜನ ಸೇರ್ತಾರೆ, ಮಾತಾಡ್ತಾರೆ, ಕಾಫಿ ಕುಡೀತಾರೆ. ಇದನ್ನೇ ಅಲ್ವಾ ನಾವು ಉಳಿಸ್ಬೇಕಿರೋದು?”

“ಒಬ್ಬಾಕಿಗೆ ಸಕ್ರಿ ಬ್ಯಾನಿ ಐತ್ರಿ ಅಲ್ಲಿ.”

“ಮೇಲಿನ ಬಾಡಿಗೆಗಳು ಯುಗಾದಿಗೆ ನವೀಕರಣ ಆಗ್ತವೆ. ಅದೊಂದು ಮುಗೀಲಿ ಇಂದುಧರ. ಆಮೇಲೆ ನೋಡೋಣ.”

ಅವನು ಆಮೇಲೆಯ ತನಕ ಕಾಯಲಿಲ್ಲ. ಪಾಳಿ ಮುಗಿಸಿ ನೇರ ಒಂಬತ್ತನೇ ಮಹಡಿಗೆ ಹೋದ. ಗಂಗರತ್ನ ಮತ್ತು ಕಾತಕ್ಕ ಜಗಲಿಯ ಮೇಲೆ ನಡುವೆ ಸೀರೆ ಹರವಿಕೊಂಡು ಕೂತಿದ್ದರು.

“ಅಕ್ಕಾರ, ಕಲ್ಲು ಕೆಟ್ಟಿಲ್ರಿ. ಅಳಿಸಾಕತ್ತಾರ. ಮನಷ್ಯಾರಲ್ಲ, ಯಂತ್ರ. ನೀವು ಓಡಿ ಬಂದ್ರ ಅಂಕ ಏರತೈತಂತ ಅದಕ್ಕ ತಿಳದೈತಿ. ಇನ್ನ ಮ್ಯಾಲೆ ಆ ಕಲ್ಲು ನಂಬಬ್ಯಾಡ್ರಿ. ನಾ ಹೇಳೇನಂತ ಯಾರಿಗೂ ಹೇಳಬ್ಯಾಡ್ರಿ ಮತ್ತ.”

ಗಂಗರತ್ನಳಿಗೆ ಮೈಯುರಿದು ಹೋಯಿತು. ಇಷ್ಟು ದಿನ ತಾನು ಪ್ರಾಣ ಕೈಯಲ್ಲಿ ಹಿಡಿದು ಓಡಿದ್ದು ಯಾರದೋ ಬಾಡಿಗೆ ಏರಿಸಲು ಎಂದು ತಿಳಿದಾಗ ಅವಳ ಬಾಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಅದಕ್ಕೂ ಅಂಕ ಏರಿರಬೇಕು. ಕಾತಕ್ಕ ಜರಿ ದಾರದ ಎಳೆ ಬಿಡಿಸುತ್ತಿದ್ದಳು. ಅದನ್ನು ಬದಿಗಿಟ್ಟು, ಕಟ್ಟಿ ಮುಗಿಸಿದ್ದ ಕೆಂಪು ಕುಚ್ಚೊಂದನ್ನು ಎತ್ತಿ ತೋರಿಸಿದಳು.

“ದಿನಾ ರಾತ್ರಿ ಬಿಚ್ಚಿಟ್ಟು, ಬೆಳಗ್ಗೆ ಇದನ್ನ ಬಾಗಿಲ ಹಿಡೀಗೆ ಕಟ್ತೀನಿ ಗಂಗೂ. ಇದು ಬೆಳಕಲ್ಲ, ದಾರ. ಹೇಗೆ ಅಳಿಸ್ತದೆ ನೋಡೋಣ.”

ಒಳ್ಳೆಯ ಉಪಾಯವೇ. ಇಬ್ಬರ ನಡುವೆಯೇ ಉಳಿದಿದ್ದರೆ ಬಹುಶಃ ನಡೆದೂ ಹೋಗುತ್ತಿತ್ತು. ಒಬ್ಬಳು ಓಡಿ ಬರದಿದ್ದರೆ ಅಂಕ ಎಷ್ಟು ಇಳಿದೀತು? ಆದರೆ ಲಾಳಿ ಬೀದಿಯವರಿಗೆ ಗುಟ್ಟು ಇಟ್ಟುಕೊಂಡು ಅಭ್ಯಾಸವಿಲ್ಲ. ಗುಟ್ಟೆಂದರೆ ಕದ್ದದ್ದು ಎಂದೇ ಅವರ ಲೆಕ್ಕ. ಗಂಗರತ್ನ ಅದೇ ಸಂಜೆ ಜಗಲಿಯ ಮೇಲೆ ಎಲ್ಲರನ್ನೂ ಸೇರಿಸಿ, ನಾನೊಬ್ಬಳು ಊರಲ್ಲಿ ಇಲ್ಲದಿದ್ದರೆ ನೀವು ನೋಡಿಕೊಳ್ಳಬೇಕಲ್ಲ ಎಂದು ಕುಚ್ಚಿನ ವಿಷಯ ಹೇಳಿದಳು. ಮಾರನೆಯ ದಿನದಿಂದ ಒಂಬತ್ತು ಬಾಗಿಲಲ್ಲೂ ಒಂದೊಂದು ಬಣ್ಣದ ಕುಚ್ಚು ತೂಗಿದವು. ಕಾತಕ್ಕನೇ ಎಲ್ಲರಿಗೂ ಕಟ್ಟಿಕೊಟ್ಟಿದ್ದಳು. ಮೇಲಿನ ಮಹಡಿಯವರು ಚೆನ್ನಾಗಿದೆ ಎಂದು ಫೋಟೋ ತೆಗೆದುಕೊಂಡರು.

ಕಲ್ಲು ಖಾಲಿಯಾದರೂ ಕುಚ್ಚು ನೋಡಿ ಜನ ಸುಮ್ಮನಿರತೊಡಗಿದರು. ಅಂಕ ಇಳಿಯಿತು. ಸಹವಾಸ ಮತ್ತೆ ಹುಡುಕಿತು. ಒಂದು ಬೆಳಗ್ಗೆ ಕಸ ಗುಡಿಸುವ ಯಂತ್ರ ಕಾತಕ್ಕನ ಬಾಗಿಲ ಬಳಿ ನಿಂತು, ತನ್ನ ಉದ್ದನೆಯ ಕೈ ಚಾಚಿ, ಕುಚ್ಚನ್ನು ಕಸವೆಂದು ಎಳೆದುಕೊಂಡು ನುಂಗಿತು. ಬೀದಿಯೆಲ್ಲ ಓಡಿ ಬಂತು. ಕಾತಕ್ಕ ಹಲ್ಲುಜ್ಜುತ್ತಾ ಬಾಗಿಲು ತೆಗೆದಳು. ಈ ಸಲ ಯಾರೂ ನಗಲಿಲ್ಲ.

ಅದು ನಾಲ್ಕಾರು ಸಲ ಆದ ಮೇಲೆ ಕಾತಕ್ಕ ಸೋತಳು. ತಾನು ಇದ್ದೇನೆಂದು ದಿನವೂ ಸಾಕ್ಷಿ ಹೇಳಬೇಕಾಗಿ ಬಂದದ್ದು ಅವಳಿಗೆ ನಾಚಿಕೆಯಾಗುತ್ತಿತ್ತು. ಒಂದು ಸಂಜೆ ಮದುಮಗಳ ಧಾರೆ ಸೀರೆಯೊಂದು ಗಂಗರತ್ನಳ ಮನೆಗೆ ಬಂದಿತ್ತು. ಬೆಳಗ್ಗೆ ಅಂಗಡಿಯವರು ಒಯ್ಯುವುದರೊಳಗೆ ಫಾಲ್ ಮುಗಿಯಬೇಕಿತ್ತು. ಅವಸರದಲ್ಲಿ ಈ ಸಲ ಕುಚ್ಚಿನ ಕೆಲಸ ಮೊದಲೇ ಆಗಿತ್ತು. ಸೀರೆ ಕೊಡಲು ಬಂದ ಕಾತಕ್ಕ ಬಾಗಿಲಲ್ಲೇ ನಿಂತು ಹೇಳಿದಳು.

“ನಾಳೆ ಏನೇ ಕಂಡ್ರೂ ಓಡಿ ಬರ್ಬೇಡ. ಧಾರೆ ಸೀರೆ, ಅಡ್ಡ ಹೊಲಿಗೆ ಬಿದ್ರೆ ಅವರಿಗೆ ಬೇಜಾರು. ಮುಗಿಸಿ ನಿಧಾನಕ್ಕೆ ಬಾ, ಒಟ್ಟಿಗೆ ಕಾಫಿ ಕುಡಿಯೋಣ.”

“ಊಟ ಆಯ್ತಾ ನಿಂದು?”

“ಆಗುತ್ತೆ ಬಿಡು.”

ಬೆಳಗ್ಗೆ ಗಂಗರತ್ನ ಬಾಗಿಲು ತೆರೆದಾಗ ಎದುರಿನ ಹಿಡಿಯಲ್ಲಿ ಕುಚ್ಚು ಇರಲಿಲ್ಲ. ಕಲ್ಲು ಕಪ್ಪಗೆ ಹೊಳೆಯುತ್ತಿತ್ತು. ಅವಳ ಕಾಲು ಅಭ್ಯಾಸದಂತೆ ಒಂದು ಹೆಜ್ಜೆ ಮುಂದೆ ಹೋಯಿತು, ಅಲ್ಲೇ ನಿಂತಿತು. ಚೌಡಪ್ಪನವರ ಸೊಸೆ ಹಾಲು ತರಲು ಹೊರಟವಳು ಕಾತಕ್ಕನ ಬಾಗಿಲನ್ನು ನೋಡಿ, ಇವಳನ್ನು ನೋಡಿದಳು.

“ಇವತ್ತೂ ಶುರು ಮಾಡ್ತಾ ಮುಂಡೇದು,” ಎಂದು ಹೇಳಿ ಲಿಫ್ಟಿನ ಕಡೆಗೆ ಹೋದಳು.

ಗಂಗರತ್ನ ಒಳಗೆ ಬಂದಳು. ಧಾರೆ ಸೀರೆಯ ಒಂದು ಅಂಚು ಬಾಕಿಯಿತ್ತು. ಇದೊಂದು ಮುಗಿಸಿ ಹೋಗುತ್ತೇನೆ, ಕಾತಕ್ಕನೇ ಹೇಳಿದ್ದಾಳಲ್ಲ ಎಂದುಕೊಂಡು ಸೂಜಿಗೆ ದಾರ ಪೋಣಿಸಿದಳು. ದಾರ ಒಂದೇ ಸಲಕ್ಕೆ ಹೋಗಲಿಲ್ಲ. ಮನಸ್ಸು ಕೆಡಿಸಿಕೊಳ್ಳಬೇಡ ಎಂದು ತನಗೆ ತಾನೇ ಹೇಳಿಕೊಂಡಳು.

ಕೆಳಗೆ ಇಂದುಧರ ಪರದೆಯ ಮುಂದೆ ಕೂತಿದ್ದ. ಒಂಬತ್ತನೇ ಮಹಡಿಯಲ್ಲಿ ಕಾತಕ್ಕನ ಕಲ್ಲು ಖಾಲಿ, ಬಾಗಿಲ ಹಿಡಿ ಖಾಲಿ. ಅಯ್ಯೋ ಮತ್ತೆ ಬಂತೇ ಎಂದು ನಿಟ್ಟುಸಿರಿಟ್ಟು ಹಳದಿ ಚುಕ್ಕಿ ಹುಡುಕಿದ. ಚುಕ್ಕಿ ಇರಲಿಲ್ಲ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಕಸದ ಯಂತ್ರ ತನ್ನ ಗೂಡಿನಲ್ಲಿತ್ತು. ಸಹವಾಸ ಆ ಬಾಗಿಲನ್ನು ಅಂದು ಮುಟ್ಟಿಯೇ ಇರಲಿಲ್ಲ. ಜನ ಆ ಬಾಗಿಲ ಮುಂದೆ ಹಾದು ಹೋಗುತ್ತಿದ್ದರು, ಒಬ್ಬರೂ ನಿಲ್ಲುತ್ತಿರಲಿಲ್ಲ.

ಓಣಿಯ ಸ್ಪೀಕರಿನಲ್ಲಿ ಕೂಗಿದ. “ಅಕ್ಕಾರ, ಹೋಗ್ರಿ, ಇದು ಖರೇನ ಐತಿ, ಬಾಗಿಲಾ ಬಡೀರಿ.” ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ಇಬ್ಬರು ಗಂಡಸರು ತಲೆಯೆತ್ತಿ ಸ್ಪೀಕರನ್ನು ನೋಡಿದರು. ಈಗ ಮಾತಾಡೋದನ್ನೂ ಕಲಿತಿದೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳಿದ. ಇಂದುಧರ ಎದ್ದು ಲಿಫ್ಟಿಗೆ ಓಡಿದ. ಲಿಫ್ಟು ಒಂದನೇ ಮಹಡಿಯಲ್ಲಿ ನಿಂತಿತು. ಎರಡರಲ್ಲಿ ನಿಂತಿತು. ನಾಯಿ ಹಿಡಿದ ಒಬ್ಬರು ಹತ್ತಿದರು, ಜಾಗಿಂಗಿಗೆ ಹೋಗಿ ಬಂದ ಇನ್ನೊಬ್ಬರು ಹತ್ತಿದರು, ಗುಡ್ ಮಾರ್ನಿಂಗ್ ಹೇಳಿಕೊಂಡರು. ಬಾಗಿಲು ಮುಚ್ಚುವ ಗುಂಡಿಯನ್ನು ಅವನು ಒತ್ತಿದಷ್ಟೂ ಅದು ಸಾವಧಾನವಾಗಿ ತೆರೆದುಕೊಂಡೇ ಇತ್ತು. ನಾಲ್ಕನೇ ಮಹಡಿಯಲ್ಲಿ ಇಳಿದು ಮೆಟ್ಟಿಲು ಹತ್ತಿದ.

ಏದುಸಿರು ಬಿಡುತ್ತಾ ಅವನು ಓಣಿಯಲ್ಲಿ ಓಡುವ ಸದ್ದು ಗಂಗರತ್ನಳಿಗೆ ಕೇಳಿತು. ಯಂತ್ರಕ್ಕೆ ಅಂಥ ಹೆಜ್ಜೆ ಇರುವುದಿಲ್ಲ. ಅವಳ ಕೈಯಿಂದ ಸೂಜಿ ಬಿತ್ತು. ಸಕ್ಕರೆ ಡಬ್ಬಿ ಹಿಡಿದು ಹೊರಗೆ ಬಂದಾಗ ಇಂದುಧರ ತನ್ನ ಕಾರ್ಡಿನಿಂದ ಕಾತಕ್ಕನ ಬಾಗಿಲು ತೆರೆಯುತ್ತಿದ್ದ.

ಕಾತಕ್ಕ ಅಡುಗೆಮನೆಯ ನೆಲದ ಮೇಲಿದ್ದಳು. ಎಡಗೈಯಲ್ಲಿ ಕೆಂಪು ಕುಚ್ಚು ಇತ್ತು. ಮೈ ತಣ್ಣಗೆ ಬೆವೆತಿತ್ತು, ಉಸಿರು ಎಲ್ಲೋ ದೂರದಿಂದ ಬರುವಂತಿತ್ತು. ಗಂಗರತ್ನ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ವಸಡಿಗೆ ಸಕ್ಕರೆ ತಿಕ್ಕಿದಳು. “ಕಾತಕ್ಕ, ನಾನು ಗಂಗೂ, ಬಂದಿದೀನಿ ನೋಡು, ಬಂದಿದೀನಿ.” ಸಕ್ಕರೆ ತುಟಿಯ ಅಂಚಿನಲ್ಲಿ ಹಾಗೇ ಉಳಿಯಿತು. ಆಸ್ಪತ್ರೆಗೆ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಸ್ವಲ್ಪ ಮುಂಚೆ ಗೊತ್ತಾಗಿದ್ದರೆ ಎಂದು ಶುರು ಮಾಡಿ, ಗಂಗರತ್ನಳ ಮುಖ ನೋಡಿ ಮಾತು ನಿಲ್ಲಿಸಿದರು.

ಎಷ್ಟು ಮುಂಚೆ ಎಂದು ಅವಳು ಕೇಳಲಿಲ್ಲ. ಒಂದು ಸೀರೆಯ ಅಂಚಿನಷ್ಟು ಮುಂಚೆ ಎಂದು ಅವಳಿಗೆ ಗೊತ್ತಿತ್ತು. ಆ ಸಂಕಟಕ್ಕೆ ಮದ್ದಿಲ್ಲ. ಮುನಿರಾಜು ಎಷ್ಟೇ ಸಮಾಧಾನ ಹೇಳಿದರೂ ಅವಳು ಸೂಜಿ ಮುಟ್ಟಲಿಲ್ಲ.

ಬೀದಿ ಕಾತಕ್ಕನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿತು. ಅವಳಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲವಾದ್ದರಿಂದ ಮುನಿರಾಜುವೇ ಕೊಳ್ಳಿ ಇಟ್ಟ. ಒಂಬತ್ತು ಬಾಗಿಲಲ್ಲೂ ಯಾರೂ ರಂಗೋಲಿ ಹಾಕಲಿಲ್ಲ. ಓಣಿ ತುಂಬ ಜನ, ಅಳು, ಬೈಗುಳ, ಊಟದ ಪಾತ್ರೆಗಳ ಓಡಾಟ. ಚೌಡಪ್ಪನವರ ಕಾಲದ ಅಂಕವನ್ನೂ ಅದು ಹಿಂದೆ ಹಾಕಿತು. ಯುಗಾದಿ ಬಂತು, ಮೇಲಿನ ಮಹಡಿಗಳ ಬಾಡಿಗೆ ಕರಾರುಗಳು ಏರಿದ ದರದಲ್ಲಿ ನವೀಕರಣವಾದವು. ಮೇಲಧಿಕಾರಿ ಇಂದುಧರನನ್ನು ಕರೆದು, ಸ್ಪೀಕರಿನಲ್ಲಿ ಕೂಗಿದ್ದು ನಿಯಮಕ್ಕೆ ವಿರುದ್ಧವಾದರೂ ಈ ಸಲ ಕ್ಷಮಿಸಿದ್ದೇವೆ ಎಂದಳು. ಅವಳ ಕಣ್ಣೂ ಕೆಂಪಾಗಿತ್ತು. ಕಲ್ಲುಗಳನ್ನು ಸಹವಾಸದ ಕೈಯಿಂದ ಬಿಡಿಸುವ ಅರ್ಜಿಯನ್ನು ಮೇಲಕ್ಕೆ ಕಳಿಸಿದ್ದೇನೆ ಎಂದಳು.

ಅರ್ಜಿ ಮೇಲೆಯೇ ಇದ್ದಾಗ ಒಂದು ಬೆಳಗ್ಗೆ ಗಂಗರತ್ನ ಬಾಗಿಲು ತೆರೆದಳು. ಎದುರಿನ ಕಲ್ಲಿನ ಮೇಲೆ ರಂಗೋಲಿ ಇತ್ತು.

ಚುಕ್ಕಿ ತಪ್ಪದ ಬಳ್ಳಿ, ಮೂಲೆಯಲ್ಲಿ ಗಿಳಿ. ಗಿಳಿ ಎಡಗೈಯವಳ ಗಿಳಿಯಂತೆ ಇನ್ನೊಂದು ಕಡೆ ನೋಡುತ್ತಿತ್ತು. ಗಂಗರತ್ನಳ ಮನಸ್ಸು ಏನೂ ಹೇಳುವ ಮುಂಚೆಯೇ ಎದೆಯ ಭಾರ ಇಳಿಯಿತು, ಕಾತಕ್ಕ ಎದ್ದಿದ್ದಾಳೆ ಎಂದು. ಅಷ್ಟು ವರ್ಷದ ಅಭ್ಯಾಸ. ಅವಳು ನಗುತ್ತಲೇ ಓಣಿ ದಾಟಿ ಕರೆಗಂಟೆಯ ಮೇಲೆ ಬೆರಳಿಟ್ಟಳು. ಆಮೇಲೆ ನೆನಪಾಯಿತು. ಬೆರಳು ಅಲ್ಲೇ ಇತ್ತು, ಅದನ್ನು ಹಿಂದಕ್ಕೆ ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಒಂದೊಂದೇ ಬಾಗಿಲು ತೆರೆಯಿತು. ರಂಗೋಲಿ ಕಂಡು ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು, ಇನ್ನೊಬ್ಬಳು ಅಯ್ಯಯ್ಯೋ ಎಂದು ಅಳು ತೆಗೆದಳು. ಎಲ್ಲರೂ ಹತ್ತಿರ ಬಂದರು. ಗಂಗರತ್ನ ತಿರುಗಿ ನಿಂತಳು. ಅವಳ ದನಿ ಮೆಲ್ಲಗಿತ್ತು.

“ಯಾರೂ ಅಳ್ಬೇಡಿ. ಮಾತಾಡ್ಬೇಡಿ. ಆ ಯಂತ್ರಕ್ಕೆ ಬೇಕಾಗಿರೋದೇ ಅದು. ಒಳಗೆ ಹೋಗಿ ಬಾಗಿಲು ಹಾ‌ಕ್ಕೊಳ್ಳಿ.”

“ಅಂಕ ಬಿದ್ದೋದ್ರೆ ಮನೆ ಬಿಡ್ಸ್ತಾರೆ ಗಂಗಕ್ಕ,” ಎಂದಳು ಚೌಡಪ್ಪನವರ ಸೊಸೆ.

“ಬಿಡಿಸ್ಲಿ.”

ಅವರು ಒಬ್ಬೊಬ್ಬರಾಗಿ ಒಳಗೆ ಹೋದರು. ಲಾಳಿ ಬೀದಿಯ ಹೆಂಗಸರು ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ನೆಲಮಾಳಿಗೆಯಲ್ಲಿ ಇಂದುಧರನ ಮುಂದೆ ಅಂಕ ಇಳಿಯತೊಡಗಿತು. ಸಹವಾಸ ಕಾಫಿಯ ವಾಸನೆ ಬಿಟ್ಟಿತು, ದೀಪದ ಕಂಬಗಳನ್ನು ಬೆಳಗಿಸಿತು, ಲಿಫ್ಟನ್ನು ಒಂಬತ್ತರಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಗಂಟೆ ಬಾರಿಸಿತು. ಪರದೆಯ ತುಂಬ ಹಳದಿ ಚುಕ್ಕಿಗಳಾದವು. ಯಾವ ಬಾಗಿಲೂ ತೆರೆಯಲಿಲ್ಲ. ಅಂಕ ಏರದ್ದನ್ನು ಸಹವಾಸ ಒಂದೊಂದಾಗಿ ಬಿಟ್ಟುಬಿಡತೊಡಗಿತು. ಅದರ ಸಹಾಯಕ್ಕೆಂದು ಅವನು ಒತ್ತಬಹುದಾದ ಗುಂಡಿಗಳು ಕೆಲವಿದ್ದವು. ಅವನು ಕೈಕಟ್ಟಿ ಕೂತ.

ಗಂಗರತ್ನ ಬಾಗಿಲ ಗಾಜಿನ ಕಂಡಿಗೆ ಕಣ್ಣಿಟ್ಟು ನಿಂತಿದ್ದಳು. ಮೊದಲು ಬಳ್ಳಿ ಮಾಸಿತು, ಆಮೇಲೆ ಚುಕ್ಕಿಗಳು ಹೋದವು. ಗಿಳಿ ಸ್ವಲ್ಪ ಹೊತ್ತು ಉಳಿದು ಅದೂ ಹೋಯಿತು. ಆ ಮನೆಯಲ್ಲಿ ಯಾರೂ ಇಲ್ಲವೆಂದು ಕಲ್ಲು ಕೊನೆಗೂ ನಿಜ ಹೇಳಿತು.